ಬೆನ್ನ ಮೇಲೆ ಬಿರುಕು, ಹೊಟ್ಟೆಯಲ್ಲಿ ನೆರಿಗೆ: ಈ ಬಿಲ್ಲು ಉಳಿಯುತ್ತದಾ?

ಪ್ರಶ್ನೆ: ನಾನೇ ಕೆತ್ತಿದ ಮೊದಲ ಬಿಲ್ಲು ಇದು. ಆಶ್ ಮರದ ಒಂದೇ ತುಂಡು, ಬೆನ್ನಿಗೆ, ಅಂದರೆ ಗುರಿಯ ಕಡೆಯ ಮೈಗೆ, ಯಾವ ಪಟ್ಟಿಯನ್ನೂ ಅಂಟಿಸಿಲ್ಲ. ಹೆದೆಯನ್ನು 28 ಇಂಚು ಎಳೆಯಲು 45 ಪೌಂಡ್ ಬಲ ಬೇಕು. ಆರು ತಿಂಗಳು ಚೆನ್ನಾಗಿತ್ತು. ಕಳೆದ ವಾರ ಪೂರ್ತಿ ಎಳೆದಾಗ 'ಟಿಕ್' ಅಂತ ಸದ್ದಾಯಿತು. ನೋಡಿದರೆ ಮೇಲಿನ ತೋಳಿನ (ಹಿಡಿಯಿಂದ ಮೇಲಿರುವ ಅರ್ಧದ) ಬೆನ್ನ ಮೇಲೆ, ಹಿಡಿಯಿಂದ 20 ಸೆಂಟಿಮೀಟರ್ ದೂರದಲ್ಲಿ, ಕೂದಲೆಳೆಯಂಥ ಬಿರುಕು. ಸುಮಾರು 5 ಸೆಂಟಿಮೀಟರ್ ಉದ್ದ, ಸ್ವಲ್ಪ ಓರೆ. ಅದೇ ತೋಳಿನ ಹೊಟ್ಟೆ ಕಡೆ, ಅಂದರೆ ನನ್ನತ್ತ ಇರುವ ಮೈಯಲ್ಲಿ, ಹಿಡಿಯಿಂದ ಒಂದು ಗೇಣು ಆಚೆ, ಅಡ್ಡಡ್ಡ ಸಣ್ಣ ಗೆರೆಗಳೂ ಇವೆ. ಅವು ಮೊದಲಿಂದ ಇದ್ದವೋ ಏನೋ ಗೊತ್ತಿಲ್ಲ. ಬಿರುಕಿಗೆ ಸೂಪರ್ ಗ್ಲೂ ಬಿಟ್ಟು ದಾರ ಸುತ್ತಿದರೆ ಸಾಕಾ?

ಉತ್ತರ: ಮೊದಲು ಹೆದೆ ಇಳಿಸಿಡಿ. 'ಇನ್ನೊಂದೇ ಒಂದು ಸಲ ಎಳೆದು ನೋಡೋಣ' ಅನ್ನುವ ಆಸೆ ಎಲ್ಲರಿಗೂ ಬರುತ್ತದೆ, ನನಗೂ ಬಂದಿದೆ. ಬಿಲ್ಲು ಕೈಕೊಡುವುದು ಆ ಒಂದು ಸಲದಲ್ಲೇ. ಮುರಿದ ತುಂಡು ಸುಮ್ನೆ ಕೆಳಗೆ ಬೀಳುವುದಿಲ್ಲ. ಹೆದೆಗೆ ಸಿಕ್ಕಿಕೊಂಡೇ ಹಿಂದಕ್ಕೆ, ನಿಮ್ಮ ತಲೆಯ ಕಡೆಗೆ ಬೀಸಿ ಬರಬಹುದು.

ಈಗ ನೀವೇ ಬರೆದಿರುವ ಅಳತೆಗಳನ್ನು ಇನ್ನೊಮ್ಮೆ ಓದಿ. ಬೆನ್ನಿನ ಬಿರುಕನ್ನು ಸೆಂಟಿಮೀಟರ್‌ನಲ್ಲಿ ಅಳೆದಿದ್ದೀರಿ, ಹೊಟ್ಟೆಯ ಗೆರೆಗಳನ್ನು ಗೇಣಿನಲ್ಲಿ. ಅದಕ್ಕೇ ಇರಬೇಕು, ಎರಡೂ ಬೇರೆ ಬೇರೆ ತೊಂದರೆ ಅನ್ನಿಸಿದೆ. ಗೇಣು ಅಂದರೆ 20–22 ಸೆಂಟಿಮೀಟರ್ ತಾನೇ? ಹಾಗಾದರೆ ಎರಡೂ ಒಂದೇ ಜಾಗದಲ್ಲಿವೆ. ಒಂದು ಮುಂದೆ, ಇನ್ನೊಂದು ಸರಿಯಾಗಿ ಅದರ ಹಿಂದೆ. ನಿಮ್ಮನ್ನು ಹೆದರಿಸಿದ್ದು ಬೆನ್ನಿನ ಬಿರುಕು. ನನ್ನನ್ನು ಹೆದರಿಸಿದ್ದು ಆ ಹೊಟ್ಟೆಯ ಗೆರೆಗಳು.

ಬಿಲ್ಲು ಬಾಗಿದಾಗ ಗುರಿಯ ಕಡೆಗಿರುವ ಬೆನ್ನಿನ ನಾರುಗಳು ಹಿಗ್ಗುತ್ತವೆ. ನಿಮ್ಮ ಕಡೆಗಿರುವ ಹೊಟ್ಟೆಯ ನಾರುಗಳು ಒತ್ತಿಕೊಂಡು ಕುಗ್ಗುತ್ತವೆ. ಕುಂದಿಲ್ಲದ ಒಣ ಮರ ನಾರಿನ ಉದ್ದಕ್ಕೆ ಎಳೆದರೆ ತಡೆಯುವಷ್ಟು ಒತ್ತಿದರೆ ತಡೆಯುವುದಿಲ್ಲ. ಎಳೆತಕ್ಕೆ ಸುಮಾರು ಎರಡು ಪಟ್ಟು ಗಟ್ಟಿ. ಹಾಗಾಗಿ ಮಿತಿಮೀರಿ ಬಾಗಿಸಿದರೆ ಮೊದಲು ಸೋಲುವುದು ಹೊಟ್ಟೆ. ಅದು ಸದ್ದು ಮಾಡದೆ ಸೋಲುತ್ತದೆ. ನಾರುಗಳು ಮಡಿಚಿಕೊಂಡು ಅಡ್ಡ ನೆರಿಗೆ ಬೀಳುತ್ತದೆ, ಅಷ್ಟೇ. ಬೆನ್ನು ಹಾಗಲ್ಲ. ನಾರು ಕತ್ತರಿಸಿ ಹೋದ ಕಡೆ, ಗಂಟಿನ ಪಕ್ಕ, ಇಲ್ಲವೇ ಮರ ವಿಪರೀತ ಒಣಗಿದಾಗ, ಟಿಕ್ ಎಂದು ಹೇಳಿಯೇ ಬಾಯಿ ಬಿಡುತ್ತದೆ.

ಎರಡೂ ಒಂದೇ ಕಡೆ ಆಗಿವೆ ಅಂದರೆ ನನ್ನ ಊಹೆ ಇದು: ತೋಳು ಉದ್ದಕ್ಕೂ ಸಮನಾಗಿ ಬಾಗುತ್ತಿಲ್ಲ. ಆ ಗೇಣಿನ ಜಾಗದಲ್ಲಿ ಬಾಗಿಲಿನ ಕೀಲಿನ ಹಾಗೆ ಮಡಚುತ್ತಿದೆ. ಇಂಥ ಕೀಲು ಬೀಳಲು ದೊಡ್ಡ ತಪ್ಪೇನೂ ಬೇಕಿಲ್ಲ. 15 ಮಿಲಿಮೀಟರ್ ದಪ್ಪದ ತೋಳಿನಲ್ಲಿ ಒಂದೇ ಕಡೆ ಒಂದೂವರೆ ಮಿಲಿಮೀಟರ್ ಜಾಸ್ತಿ ಹೆರೆದಿದ್ದೀರಿ ಅಂದುಕೊಳ್ಳಿ. ದಪ್ಪ ಕಮ್ಮಿಯಾದದ್ದು ನೂರಕ್ಕೆ ಹತ್ತು. ಆದರೆ ಆ ಜಾಗದ ಬಿಗಿ ನೂರಕ್ಕೆ 27ರಷ್ಟು ಇಳಿದುಬಿಡುತ್ತದೆ. ಬಿಗಿಯ ಲೆಕ್ಕದಲ್ಲಿ ದಪ್ಪವನ್ನು ಮೂರು ಸಲ ಬರೆದು ಒಂದಕ್ಕೊಂದು ಗುಣಿಸಬೇಕು (0.9 × 0.9 × 0.9 ಅಂದರೆ ಸುಮಾರು 0.73), ಅದಕ್ಕೆ. ಅಗಲದ ಲೆಕ್ಕ ಇಷ್ಟು ಕ್ರೂರವಲ್ಲ. ಹತ್ತು ಕಳೆದರೆ ಹತ್ತೇ ಹೋಗುತ್ತದೆ.

ಊಹೆ ಊಹೆಯೇ. ನೋಡಿ ಖಚಿತ ಮಾಡಿಕೊಳ್ಳಬೇಕು.

ಬೆನ್ನಿನಿಂದ ಶುರು ಮಾಡಿ. ಕತ್ತಲ ಕೋಣೆಯಲ್ಲಿ ಒಂದು ಟಾರ್ಚನ್ನು ತೋಳಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿ, ಪಕ್ಕದಿಂದ ಬೆಳಕು ಸವರಿಕೊಂಡು ಹೋಗುವ ಹಾಗೆ ಹಿಡಿಯಿರಿ. ನೇರ ಬೆಳಕಿನಲ್ಲಿ ಕಾಣದ ಏರುತಗ್ಗು ನೆರಳು ಬಿಟ್ಟು ಎದ್ದು ಕಾಣುತ್ತದೆ. ಆಮೇಲೆ ಒಂದು ಉಂಡೆ ಹತ್ತಿಯನ್ನು ಬೆನ್ನ ಮೇಲೆ ಉದ್ದಕ್ಕೂ ಎಳೆಯಿರಿ, ಎರಡೂ ದಿಕ್ಕಿಗೆ. ಹತ್ತಿಯ ಎಳೆ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಸಿಬಿರು ಎದ್ದಿದೆ ಅಂತ ಅರ್ಥ. ಬೆರಳಿಗಿಂತ ಹತ್ತಿ ನಂಬಿಕಸ್ಥ. ಬೆರಳು ಸಿಬಿರನ್ನು ಒತ್ತಿ ಮಲಗಿಸಿಬಿಡುತ್ತದೆ, ಕೆಲವು ಸಲ ಬೆರಳಿಗೇ ಚುಚ್ಚುತ್ತದೆ. ಕೊನೆಗೆ ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಒಮ್ಮೆ ಒರೆಸಿ. ಮೇಲ್ಮೈ ಬೇಗ ಒಣಗುತ್ತದೆ, ಬಿರುಕಿನೊಳಗೆ ಇಳಿದ ಸ್ಪಿರಿಟ್ ಒಣಗಲು ಹೊತ್ತು ಹಿಡಿಯುತ್ತದೆ. ಆ ಅರ್ಧ ನಿಮಿಷದಲ್ಲಿ ಬಿರುಕಿನ ನಿಜವಾದ ಉದ್ದ ಕಪ್ಪು ಗೆರೆಯಾಗಿ ಕಾಣುತ್ತದೆ. ಹೆಚ್ಚಾಗಿ ನೀವು ಅಂದುಕೊಂಡಿದ್ದಕ್ಕಿಂತ ಉದ್ದ ಇರುತ್ತದೆ, ತಯಾರಾಗಿರಿ. ಪೆನ್ಸಿಲ್‌ನಿಂದ ಎರಡೂ ತುದಿ ಗುರುತು ಮಾಡಿ.

ಈಗ ದಿಕ್ಕು. ಬಿರುಕು ನಾರಿನ ಜೊತೆಗೇ ತೋಳಿನ ಉದ್ದಕ್ಕೆ ನೇರವಾಗಿ ಓಡಿ, ಎರಡೂ ತುದಿ ಮರದೊಳಗೇ ಮುಗಿದಿದ್ದರೆ, ಅದು ಮರ ಒಣಗುವಾಗ ಬಿಟ್ಟ ಸೀಳು. ನಾರು ಯಾವುದೂ ತುಂಡಾಗಿಲ್ಲ, ಪಕ್ಕಪಕ್ಕದ ನಾರುಗಳು ಕೈಬಿಟ್ಟಿವೆ ಅಷ್ಟೇ. ಅಂಥ ಸೀಳು ಇರುವ ಬಿಲ್ಲುಗಳು ವರ್ಷಗಟ್ಟಲೆ ಬಾಳುತ್ತವೆ. ಬಿರುಕು ಅಡ್ಡಕ್ಕೆ, ಅಂದರೆ ತೋಳಿನ ಅಗಲಕ್ಕೆ ಹೋಗಿದ್ದರೆ ನಾರುಗಳೇ ಹರಿದಿವೆ. ಅದಕ್ಕೆ ಮದ್ದಿಲ್ಲ. ಒಂದು ಮಿಲಿಮೀಟರ್ ಆಳವೇ ಇರಲಿ, ಆ ಬಿಲ್ಲನ್ನು ಗೋಡೆಗೆ ತೂಗುಹಾಕಿ.

ನಿಮ್ಮದು 'ಸ್ವಲ್ಪ ಓರೆ'. ಎಲ್ಲ ಇರುವುದು ಆ ಓರೆಯಲ್ಲೇ. ಬಿರುಕಿನ ತುದಿ ತೋಳಿನ ಅಂಚು ಮುಟ್ಟಿದೆಯಾ ನೋಡಿ. ಮುಟ್ಟಿದ್ದರೆ ಅದು ಬರೀ ಸೀಳಲ್ಲ, ಎದ್ದು ಬರಲು ಹೊಂಚು ಹಾಕಿರುವ ಸಿಬಿರು. ಬಿಲ್ಲನ್ನು ಪಕ್ಕಕ್ಕೆ ತಿರುಗಿಸಿ ಅಂಚಿನಲ್ಲಿ ಮರದ ಉಂಗುರಗಳ ಗೆರೆ ಹೇಗೆ ಹೋಗಿದೆ ಅಂತಲೂ ನೋಡಿ. ಬೆನ್ನು ಉದ್ದಕ್ಕೂ ಒಂದೇ ಉಂಗುರದ ಮೇಲೆ ಕೂತಿರಬೇಕು. ಗೆರೆಗಳು ಓರೆಯಾಗಿ ಮೇಲೆದ್ದು ಬೆನ್ನಿಗೆ ಬಂದು ಮುಗಿದಿದ್ದರೆ, ಕೆತ್ತುವಾಗ ಅಲ್ಲಿ ಉಂಗುರ ದಾಟಿದ್ದೀರಿ. ಆಶ್‌ನಂಥ ಮರದಲ್ಲಿ ಪ್ರತಿ ಉಂಗುರಕ್ಕೂ ಒಂದು ತೂತುತೂತಾದ ಮೆದು ಪದರ, ಒಂದು ಗಟ್ಟಿ ಪದರ ಇರುತ್ತದೆ. ಉಂಗುರ ದಾಟಿದ ಕಡೆ ಸಿಬಿರು ಏಳುವುದು ಆ ಮೆದು ಪದರದ ಗುಂಟ.

ಗಂಟುಗಳ ಬಗ್ಗೆ ಒಂದು ಮಾತು, ನಿಮ್ಮ ಬಿಲ್ಲಿನಲ್ಲಿ ಇವೆಯೋ ಇಲ್ಲವೋ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಿದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನಿಂದ ನೂರಕ್ಕೂ ಹೆಚ್ಚು ಯೂ ಮರದ ಬಿಲ್ಲುಗಳು ಸಿಕ್ಕಿವೆ. ಅವುಗಳಲ್ಲಿ ಗಂಟು ಇರುವ ಕಡೆ ನೀಟಾಗಿ ಸವರಿ ಹಾಕಿಲ್ಲ, ಸುತ್ತ ಒಂದಿಷ್ಟು ಮರ ಉಬ್ಬಾಗಿಯೇ ಬಿಟ್ಟಿದ್ದಾರೆ. ನಾವು ಬಿಲ್ಲು ಅಂದವಾಗಿ ಕಾಣಲಿ ಅಂತ ಗಂಟನ್ನು ಮಟ್ಟ ಮಾಡಿ ನಾರು ಕತ್ತರಿಸುತ್ತೇವೆ.

ಇನ್ನು ಹೊಟ್ಟೆ. ಅಡ್ಡ ಗೆರೆ ಕಂಡ ತಕ್ಷಣ ನೆರಿಗೆಯೇ ಅನ್ನಬೇಡಿ. ವಾರ್ನಿಷ್ ಮಾತ್ರ ಬಿರಿದಿರಬಹುದು. ಹೆರೆಯುವ ಅಲಗು ಕುಣಿದು ಬಿಟ್ಟ ಗುರುತೂ ಇರಬಹುದು. ಅಲಗಿನ ಗುರುತುಗಳು ಬಾಚಣಿಗೆಯ ಹಲ್ಲಿನ ಹಾಗೆ ಒಂದೇ ಅಂತರದಲ್ಲಿ ಇರುತ್ತವೆ. ನೆರಿಗೆ ಹಾಗಲ್ಲ, ಅಂಕುಡೊಂಕು. ಒಂದು ಗೆರೆ ನಿಂತಲ್ಲಿ ಸ್ವಲ್ಪ ಪಕ್ಕದಿಂದ ಇನ್ನೊಂದು ಶುರುವಾಗುತ್ತದೆ. ಆ ಜಾಗದ ವಾರ್ನಿಷ್ ಹೆರೆದು ತೆಗೆದು ಉಗುರಿನಿಂದ ಉದ್ದಕ್ಕೆ ಗೀರಿ. ಸಣ್ಣ ದಿಂಡು ಉಗುರಿಗೆ ತಾಗಿದರೆ ನೆರಿಗೆ ಹೌದು. ಆಮೇಲೆ ತೋಳಿನ ಅಂಚು ನೋಡಿ. ಗೆರೆ ಮೂಲೆಯಿಂದ ತಿರುಗಿ ಅಂಚಿನ ಮೇಲೂ ಇಳಿದಿದ್ದರೆ ಆಳವಾಗಿ ಕುಸಿದಿದೆ. ಆಗ ರಿಪೇರಿಯ ಮಾತೇ ಬೇಡ. ಹೊಟ್ಟೆಯ ಮೇಲ್ಮೈಯಲ್ಲಿ ಮಾತ್ರ ಇದ್ದರೆ ಬಿಲ್ಲಿಗೆ ಇನ್ನೂ ಆಯುಸ್ಸಿದೆ.

ಇದನ್ನೆಲ್ಲ ಇಷ್ಟು ಒತ್ತಿ ಹೇಳಲು ಕಾರಣ ನನ್ನ ಮೂರನೇ ಬಿಲ್ಲು. ಎಲ್ಮ್ ಮರದ್ದು. ಅದೂ ನಿಮ್ಮದರ ಹಾಗೇ ಟಿಕ್ ಅಂದಿತ್ತು. ಬೆನ್ನಿನ ಬಿರುಕಿಗೆ ಅಂಟು ಬಿಟ್ಟು, ಕೆಂಪು ರೇಷ್ಮೆ ದಾರ ಎಷ್ಟು ಚಂದ ಸುತ್ತಿದ್ದೆ ಅಂದರೆ ನೋಡಿದವರೆಲ್ಲ ಅಲಂಕಾರ ಅಂದುಕೊಂಡರು. ಹೊಟ್ಟೆ ಕಡೆ ತಿರುಗಿಸಿಯೂ ನೋಡಲಿಲ್ಲ. ಎರಡು ವಾರ ಕಳೆಯುವುದರೊಳಗೆ ದಾರ ಮುಗಿಯುವ ಅಂಚಿನಲ್ಲೇ ಎರಡು ತುಂಡಾಯಿತು. ಕೈಯಲ್ಲಿ ಹಿಡಿದು ನೋಡಿದರೆ ಬೆನ್ನಿನ ಕಡೆ ಉದ್ದುದ್ದ ಸಿಬಿರುಗಳು, ಹೊಟ್ಟೆಯ ಕಡೆ ಮಾತ್ರ ಸೀಮೆಸುಣ್ಣ ಮುರಿದ ಹಾಗೆ ಮೊಂಡು. ಅಲ್ಲಿನ ನಾರು ಎಂದೋ ಸತ್ತಿತ್ತು. ನಾನು ಸುತ್ತಿದ್ದು ಸತ್ತ ಮರಕ್ಕೆ ಪಟ್ಟಿ.

ಅಂದರೆ ನಿಮ್ಮ ಪ್ರಶ್ನೆಗೆ ಉತ್ತರ, ಸಾಲದು. ಅಂಟು ಮತ್ತು ದಾರ ಸಿಬಿರು ಏಳದಂತೆ ಹಿಡಿಯುತ್ತವೆ, ಸೌದೆ ಹೊರೆಗೆ ಹಗ್ಗ ಬಿಗಿದ ಹಾಗೆ. ಉದ್ದಕ್ಕೆ ಬೀಳುವ ಎಳೆತವನ್ನು ದಾರ ಹೊರುವುದಿಲ್ಲ, ಯಾಕೆಂದರೆ ಅದು ಸುತ್ತಿರುವುದು ಅಡ್ಡಕ್ಕೆ. ಕೀಲು ಹಾಗೇ ಉಳಿದರೆ ಎಳೆತವೂ ಹಾಗೇ ಉಳಿಯುತ್ತದೆ. ಆದರೂ ಕೆಲಸ ಶುರುವಾಗುವುದು ಅಂಟಿನಿಂದಲೇ. ಬಿರುಕು ಬಿಟ್ಟ ಬಿಲ್ಲನ್ನು ಬಾಗಿಸಿ ಹದ ನೋಡಲಾಗುವುದಿಲ್ಲ ಅಲ್ವಾ?

ಬಿರುಕಿನ ಸುತ್ತ ವಾರ್ನಿಷ್, ಎಣ್ಣೆ, ಮೇಣ ಏನೇ ಇದ್ದರೂ ತೆಗೆಯಿರಿ. ಮೆತ್ತಗೆ, ನಾರು ಕೀಳದ ಹಾಗೆ. ಎಣ್ಣೆ ಕುಡಿದ ಮರಕ್ಕೆ ಯಾವ ಅಂಟೂ ಹಿಡಿಯುವುದಿಲ್ಲ. ಕೂದಲೆಳೆ ಬಿರುಕಿಗೆ ನೀರಿನಷ್ಟು ತೆಳುವಾದ ಸೂಪರ್ ಗ್ಲೂ ಸರಿ. ಅದು ತಾನೇ ಒಳಗೆ ಹೀರಿಕೊಂಡು ಹೋಗುತ್ತದೆ. ಜೆಲ್ ತರಹದ್ದು ಮೇಲೆಯೇ ಕೂತುಬಿಡುತ್ತದೆ, ಬೇಡ. ಬಿಳಿ ಮರದ ಅಂಟೂ ಇಷ್ಟು ಸಣ್ಣ ಸಂದಿಗೆ ಇಳಿಯುವುದಿಲ್ಲ. ನೊರೆ ಬಂದು ಉಬ್ಬುವ ಪಾಲಿಯುರೆಥೇನ್ ಅಂಟು ಸಂದಿ ತುಂಬಿದ ಹಾಗೆ ಕಾಣುತ್ತದೆ, ಆದರೆ ಆ ನೊರೆಗೆ ಕಸುವಿಲ್ಲ. ಬಿರುಕು ಬಾಯಿ ಬಿಟ್ಟು ಒಳಗೆ ಕಾಣುವಷ್ಟಿದ್ದರೆ ಎಪಾಕ್ಸಿ (ಎರಡು ದ್ರವ ಬೆರೆಸಿ ಹಚ್ಚುವ ಅಂಟು) ಒಳ್ಳೆಯದು. ಹೇರ್ ಡ್ರೈಯರ್‌ನಿಂದ ಸ್ವಲ್ಪ ಬೆಚ್ಚಗೆ ಮಾಡಿದರೆ ತೆಳುವಾಗಿ ಒಳಗೆ ಹರಿಯುತ್ತದೆ.

ಇನ್ನೊಬ್ಬರ ಸಹಾಯ ತೆಗೆದುಕೊಳ್ಳಿ. ಹೆದೆ ಇಲ್ಲದ ಬಿಲ್ಲಿನ ಒಂದು ತುದಿಯನ್ನು ನೆಲಕ್ಕೊತ್ತಿ ಒಂದಿಷ್ಟೇ ಇಷ್ಟು ಬಾಗಿಸಿದರೆ ಸಿಬಿರಿನ ಅಂಚು ಕೂದಲಷ್ಟು ತೆರೆಯುತ್ತದೆ. ಆಗ ಅವರು ಅಂಟು ಬಿಡಲಿ. ಒಂದು ಹನಿ, ಅದು ಇಳಿದ ಮೇಲೆ ಇನ್ನೊಂದು. ಬಿರುಕು ಕುಡಿಯುವುದನ್ನು ನಿಲ್ಲಿಸುವ ತನಕ. ಬಿಲ್ಲನ್ನು ಸಡಿಲಿಸಿ, ಮೇಲೆ ಒಂದು ತುಂಡು ಪಾಲಿಥೀನ್ ಹಾಸಿ, ಸೈಕಲ್ ಟ್ಯೂಬಿನ ಪಟ್ಟಿಯನ್ನು ಎಳೆದೆಳೆದು ಸುತ್ತಿ ಕಟ್ಟಿ. ರಬ್ಬರ್ ಪಟ್ಟಿಯಷ್ಟು ಸಮನಾಗಿ ಒತ್ತುವ ಕ್ಲಾಂಪ್ ನಾನು ಕಂಡಿಲ್ಲ. ಒಂದು ದಿನ ಬಿಡಿ. ಕಿಟಕಿ ತೆರೆದಿಟ್ಟು ಕೆಲಸ ಮಾಡಿ, ಅಂಟಿನ ಆವಿ ಕಣ್ಣಿಗೆ ಉರಿ. ಮತ್ತೆ, ಆಗ ಸಿಬಿರು ಹುಡುಕಿದ ಹತ್ತಿಯನ್ನು ಈಗ ದೂರ ಇಡಿ. ಸೂಪರ್ ಗ್ಲೂ ಹತ್ತಿಗೆ ತಾಗಿದರೆ ಕೈ ಸುಡುವಷ್ಟು ಬಿಸಿಯಾಗುತ್ತದೆ, ಹೊಗೆಯೂ ಏಳಬಹುದು.

ದಾರ ರೇಷ್ಮೆಯದ್ದೋ ಲಿನನ್‌ದೋ ಆದರೆ ಚೆನ್ನ, ಪಾಲಿಯೆಸ್ಟರ್ ಆದರೂ ನಡೆಯುತ್ತದೆ. ಬಿರುಕಿನ ಎರಡೂ ತುದಿಯಿಂದ 3 ಸೆಂಟಿಮೀಟರ್ ಆಚೆಯ ತನಕ ಸುತ್ತಬೇಕು. ನಿಮ್ಮ ಲೆಕ್ಕಕ್ಕೆ ಒಟ್ಟು 11 ಸೆಂಟಿಮೀಟರ್. ತೋಳಿನ ಮೂಲೆಗಳು ಚೂಪಾಗಿದ್ದರೆ ಸುತ್ತುವ ಮೊದಲು ಸ್ಯಾಂಡ್‌ಪೇಪರ್‌ನಿಂದ ಸ್ವಲ್ಪ ಮೊಂಡು ಮಾಡಿ, ಇಲ್ಲದಿದ್ದರೆ ದಾರ ಅಲ್ಲೇ ಸವೆದು ಹರಿಯುತ್ತದೆ. ಸುತ್ತು ಸುತ್ತಿಗೆ ಒತ್ತಿಕೊಂಡಿರಲಿ. ಮುಗಿದ ಮೇಲೆ ದಾರ ನೆನೆಯುವಷ್ಟು ಅಂಟು ಕುಡಿಸಿ.

ಹೊಟ್ಟೆಯ ನೆರಿಗೆಗೆ ಅಂಟು ಹಾಕಬೇಡಿ. ಅಲ್ಲಿ ಸಂದಿಯೇ ಇಲ್ಲ, ನಾರು ಮಡಿಚಿ ಜಜ್ಜಿದೆ. ಹೊಟ್ಟೆಯನ್ನು ಬೆಂಕಿಗೆ ಕಾಯಿಸಿ ಗಟ್ಟಿ ಮಾಡುವ ಪದ್ಧತಿ ಇದೆ, ಹೊಸ ಬಿಲ್ಲಿಗೆ ಅದು ಉಪಯೋಗವೂ ಹೌದು. ಆದರೆ ಜಜ್ಜಿದ ನಾರು ಕಾಯಿಸಿದರೆ ನೆಟ್ಟಗಾಗುವುದಿಲ್ಲ. ಕೆಟ್ಟ ಭಾಗವನ್ನು ದೋಣಿಯಾಕಾರದಲ್ಲಿ ತೋಡಿ ತೆಗೆದು ಅದೇ ಜಾತಿಯ ಮರದ ತೇಪೆ ಕೂರಿಸುವವರೂ ಇದ್ದಾರೆ. ಮೊದಲ ಬಿಲ್ಲಿಗೆ ಆ ಸಾಹಸ ಬೇಡ ಅನ್ನುವುದು ನನ್ನ ಅಭಿಪ್ರಾಯ. ತೇಪೆ ಒಂದಿಷ್ಟು ಸರಿಯಾಗಿ ಕೂರದಿದ್ದರೂ ಅದರ ತುದಿಯಲ್ಲಿ ಹೊಸ ನೆರಿಗೆ ಬೀಳುತ್ತದೆ. ನಿಮಗೆ ಇರುವ ದಾರಿ ಒಂದೇ: ಕೀಲಿನ ಮೇಲಿನ ಹೊರೆ ಇಳಿಸುವುದು. ಅಂದರೆ ಟಿಲ್ಲರಿಂಗ್ ಮತ್ತೊಮ್ಮೆ ಮಾಡಬೇಕು, ತೋಳು ಉದ್ದಕ್ಕೂ ಸಮನಾಗಿ ಬಾಗುವ ತನಕ ಹೆರೆದು ಹದಕ್ಕೆ ತರಬೇಕು.

ಇದಕ್ಕೆ ನಾನು ಬಳಸುವ ಸಾಧನ ತುಂಬ ಸರಳ. ಒಂದು ಗೇಣಿಗಿಂತ ಚಿಕ್ಕದಾದ, 15 ಸೆಂಟಿಮೀಟರ್ ಉದ್ದದ ನೇರ ಪಟ್ಟಿ. ಸರಿಯಾಗಿ ನಡುವೆ ಒಂದು ತೂತು, ಅದರೊಳಗೆ ಬಿಗಿಯಾಗಿ ಕೂರುವ ಪೆನ್ಸಿಲ್. ಬಿಲ್ಲಿಗೆ ಹೆದೆ ಏರಿಸಿ ಪಟ್ಟಿಯನ್ನು ಹೊಟ್ಟೆಯ ಮೇಲಿಡಿ. ಹೊಟ್ಟೆ ಒಳಕ್ಕೆ ಬಾಗಿರುವುದರಿಂದ ಪಟ್ಟಿಯ ಎರಡು ತುದಿ ಮಾತ್ರ ತಾಗುತ್ತವೆ, ನಡುವೆ ಸಂದು. ಹಿಡಿಯಿಂದ ತುದಿಯ ತನಕ ಜಾರಿಸಿ ನೋಡಿ. ಸಂದು ಎಲ್ಲಿ ದೊಡ್ಡದೋ ಅಲ್ಲಿ ಕೀಲು. ಆ ಗೇಣಿನ ಜಾಗದಲ್ಲೇ ದೊಡ್ಡದಾಗಿ ಕಂಡರೆ ನನ್ನ ಊಹೆ ಸರಿ. ಆ ಜಾಗದಲ್ಲಿ ಪೆನ್ಸಿಲ್ ಮೊನೆ ಮರಕ್ಕೆ ಇನ್ನೇನು ತಾಗಬೇಕು ಅನ್ನುವಷ್ಟು ಇಳಿಸಿ ನಿಲ್ಲಿಸಿ. ಮತ್ತೆ ಉದ್ದಕ್ಕೂ ಜಾರಿಸಿ. ಕಮ್ಮಿ ಬಾಗುವ ಕಡೆಯೆಲ್ಲ ಸಂದು ಚಿಕ್ಕದು, ಅಲ್ಲಿ ಪೆನ್ಸಿಲ್ ತಾನೇ ಗೀರು ಹಾಕುತ್ತದೆ. ಗೀರು ಬಿದ್ದ ಕಡೆ ಹೆರೆಯಿರಿ, ಬೀಳದ ಕಡೆ ಮುಟ್ಟಬೇಡಿ. ಹುಟ್ಟಿನಿಂದಲೇ ಡೊಂಕಿರುವ ಮರಕ್ಕೆ ಈ ಉಪಾಯ ಮೋಸ ಮಾಡುತ್ತದೆ. ನಿಮ್ಮದು ನೇರ ಮರವಾದರೆ ಚಿಂತೆಯಿಲ್ಲ.

ಹೆರೆಯುವುದು ಹೊಟ್ಟೆ ಕಡೆ ಮಾತ್ರ. ಬೆನ್ನಿನ ಮೇಲೆ ಅಲಗು ಇಡಬೇಡಿ. ಇಪ್ಪತ್ತು ಸಲ ಹೆರೆದ ಮೇಲೆ ಅರ್ಧದಷ್ಟೇ ಎಳೆದು ಬಿಟ್ಟು, ಎಳೆದು ಬಿಟ್ಟು, ಮೂವತ್ತು ಸಲ ಮಾಡಿ. ಬಾಣ ಇಲ್ಲದೆ ಹೆದೆಯನ್ನು ಪಟ್ಟನೆ ಬಿಡಬಾರದು, ಕೈಯಲ್ಲಿ ಹಿಡಿದೇ ಹಿಂದಕ್ಕೆ ತರಬೇಕು. ಹೆರೆದದ್ದು ಮರಕ್ಕೆ ತಿಳಿಯಲು ಅಷ್ಟು ವ್ಯಾಯಾಮ ಬೇಕು. ಆಮೇಲೆ ಮತ್ತೆ ಪೆನ್ಸಿಲ್ ಪಟ್ಟಿ. ಆತುರ ಮಾಡಿದರೆ ಒಂದು ಕೀಲು ಹೋಗಿ ಪಕ್ಕದಲ್ಲಿ ಇನ್ನೊಂದು ಬರುತ್ತದೆ. ಕೆಳಗಿನ ತೋಳನ್ನೂ ಇದಕ್ಕೆ ಸರಿಹೊಂದಿಸಬೇಕಾಗುತ್ತದೆ.

ಇದಕ್ಕೆ ಬೆಲೆ ತೆರಬೇಕು. 45 ಪೌಂಡಿನ ಬಿಲ್ಲು 36–38ಕ್ಕೆ ಇಳಿಯಬಹುದು. ಎಳೆತವನ್ನೂ 28ರಿಂದ 26 ಇಂಚಿಗೆ ಇಳಿಸಿ ಅನ್ನುತ್ತೇನೆ. ಬೇಸರವಾಗುತ್ತದೆ, ಗೊತ್ತು. ಮುರಿದ 45 ಪೌಂಡಿಗಿಂತ ಬಾಣ ಬಿಡುವ 36 ಪೌಂಡ್ ವಾಸಿ.

ಇನ್ನೊಂದು ಕೇಳಬೇಕಿತ್ತು. ಬಿಲ್ಲು ಎಲ್ಲಿಡುತ್ತೀರಿ? ಗಾಳಿಯಲ್ಲಿ ತೇವ ನೂರಕ್ಕೆ 50 ಇದ್ದರೆ ಮರ ತನ್ನ ಒಣ ತೂಕದ ನೂರಕ್ಕೆ 9ರಷ್ಟು ನೀರು ಹಿಡಿದುಕೊಂಡಿರುತ್ತದೆ. ಬಿಲ್ಲಿಗೆ ಅದು ಒಳ್ಳೆಯ ಹದ. ಗಾಳಿಯ ತೇವ 80ಕ್ಕೆ ಏರಿ ಹಾಗೇ ನಿಂತರೆ ಮರದ ನೀರು 16ರ ಹತ್ತಿರ ಹೋಗುತ್ತದೆ. ಆಗ ಹೊಟ್ಟೆ ಮೆತ್ತಗಾಗಿ ನೆರಿಗೆ ಬೀಳುವುದು ಸುಲಭ. ತದ್ವಿರುದ್ಧವಾಗಿ ಮರದ ನೀರು 6ಕ್ಕಿಂತ ಕೆಳಗಿಳಿದರೆ ಬೆನ್ನು ಒಣ ಕಡ್ಡಿಯ ಹಾಗೆ ಪಟ್ಟನೆ ಮುರಿಯುವಂತಾಗುತ್ತದೆ. ಬಿಸಿಲಿಗೆ ನಿಂತ ಕಾರಿನೊಳಗೆ ನಾನೂ ಒಮ್ಮೆ ಬಿಲ್ಲು ಮರೆತು ಪಾಠ ಕಲಿತಿದ್ದೇನೆ. ಬಿಲ್ಲನ್ನು ಸಣ್ಣ ತಕ್ಕಡಿಯಲ್ಲಿ ದಿನಾ ತೂಗಿ ಬರೆದಿಡಿ. ತೂಕ ನಾಲ್ಕೈದು ದಿನ ಒಂದೇ ನಿಂತರೆ ಮರ ಸುತ್ತಲಿನ ಗಾಳಿಗೆ ಹೊಂದಿಕೊಂಡಿದೆ ಅಂತ ಅರ್ಥ. ಅಲ್ಲಿಯ ತನಕ ಎಳೆಯಬೇಡಿ.

ಕೊಪ್ಪಿನ ಹತ್ತಿರ, ಅಂದರೆ ಹೆದೆ ಕೂರುವ ತುದಿಯಲ್ಲಿ, ಒಮ್ಮೆ ನೋಡಿಬಿಡಿ. ಹಿಗ್ಗದ ಆಧುನಿಕ ಹೆದೆ ಬಳಸುತ್ತಿದ್ದರೆ ಅದು ಬರೀ ಮರದ ಕೊಪ್ಪನ್ನು ಕೊರೆದು ಸೀಳಬಹುದು. ಡ್ಯಾಕ್ರಾನ್ (ಸ್ವಲ್ಪ ಹಿಗ್ಗುವ ಪಾಲಿಯೆಸ್ಟರ್) ಹೆದೆ ಮರಕ್ಕೆ ಮೆತ್ತಗೆ.

ಎಲ್ಲ ಮುಗಿದ ಮೇಲೆ ಮೊದಲ ಪೂರ್ತಿ ಎಳೆತ ಕೈಯಲ್ಲಿ ಬೇಡ. ಹಿಡಿಯನ್ನು ಗೋಡೆಗೆ ಭದ್ರವಾಗಿ ಕೂರಿಸಿ, ಹೆದೆಗೆ ಹಗ್ಗ ಕಟ್ಟಿ, ಕೆಳಗೊಂದು ರಾಟೆಯ ಮೂಲಕ ಹಾಯಿಸಿ, ದೂರ ನಿಂತು ಎಳೆಯಿರಿ. ಕಣ್ಣಿಗೆ ಕನ್ನಡಕ ಇರಲಿ. 5 ಸೆಂಟಿಮೀಟರ್ ಜಾಸ್ತಿ ಎಳೆದಾಗಲೆಲ್ಲ ಹತ್ತು ಸಲ ಬಾಗಿಸಿ, ಇಳಿಸಿ, ದಾರದ ಎರಡೂ ಅಂಚು ಮತ್ತು ಹೊಟ್ಟೆ ನೋಡಿ. ಮತ್ತೆ ಟಿಕ್ ಅಂದರೆ ಅಲ್ಲಿಗೆ ನಿಲ್ಲಿಸಿ. ಹೆದೆ ಕೊಪ್ಪಿನಲ್ಲಿ ಜಾರಿ ಕೂತರೂ ಅಂಥದೇ ಸದ್ದು ಬರುತ್ತದೆ ನಿಜ, ಆದರೆ ಅದು ಹೆದೆಯ ಸದ್ದೇ ಅಂತ ಹತ್ತಿಯಿಂದ ಸವರಿ ಖಚಿತ ಮಾಡಿಕೊಳ್ಳುವ ತನಕ ಮುಂದೆ ಹೋಗಬೇಡಿ.

26 ಇಂಚಿನ ತನಕ ಸದ್ದಿಲ್ಲದೆ ಬಂದರೆ ಬಿಲ್ಲು ನಿಮ್ಮದು. ಹೊಟ್ಟೆಯಲ್ಲಿ ದಾರದ ಸುತ್ತಿನ ಆಚೆ ಕಾಣುವ ಅತಿ ಉದ್ದದ ನೆರಿಗೆಯ ಎರಡು ತುದಿಗೂ ಸಣ್ಣ ಪೆನ್ಸಿಲ್ ಚುಕ್ಕೆ ಇಟ್ಟು ಪಕ್ಕದಲ್ಲೇ ತಾರೀಖು ಬರೆಯಿರಿ. ಇಪ್ಪತ್ತು ಬಾಣಕ್ಕೊಮ್ಮೆ ನೋಡಿ. ಗೆರೆ ಚುಕ್ಕೆ ದಾಟಿದ ದಿನ ಹೆದೆ ಇಳಿಸಿ, ಮತ್ತೆ ಏರಿಸಬೇಡಿ.